ಮಗಳು ಒಪ್ಪದ ಬಣ್ಣ

ಇದು ಶುರುವಾದದ್ದು ಹೋದ ವರ್ಷದ ಆಯುಧಪೂಜೆಯ ಹಿಂದಿನ ದಿನ. ದೀಪಾವಳಿ ಕಳೆದರೂ ಮುಗಿಯಲಿಲ್ಲ. ಈಗ ಮುಗಿದಿದೆ ಎಂದು ಹೇಳುವ ಧೈರ್ಯವೂ ನನಗಿಲ್ಲ.

ನಮ್ಮ ಮನೆ ಕೆ.ಆರ್. ಪುರದಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ಯಜಮಾನರಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ನಾನು ವಿಮಾ ಕಚೇರಿಯಲ್ಲಿದ್ದವಳು, ಮಗಳಿಗಾಗಿ ಬಿಟ್ಟೆ. ನಮ್ಮ ಜೊತೆ ಅತ್ತೆಯೂ ಇದ್ದಾರೆ. ಮಗಳು ನಿಧಿಗೆ ಒಂಬತ್ತು ವರ್ಷ. ಅವಳಿಗೆ ಆಟಿಸಂ ಇದೆ, ಮಾತು ಬಂದಿಲ್ಲ. ಕೆಲವು ಮಕ್ಕಳಿಗೆ ತಡವಾಗಿ ಬರುತ್ತೆ ಬಿಡಿ ಎಂದು ಸಮಾಧಾನ ಹೇಳುವ ನೆಂಟರು ಈಗಲೂ ಇದ್ದಾರೆ. ಮೊದಮೊದಲು ಅವರಿಗೆ ವಿವರಿಸಿ ಹೇಳುತ್ತಿದ್ದೆ. ಈಗ ಕಾಫಿ ಕೊಟ್ಟು ಕಳಿಸಿಬಿಡುತ್ತೇನೆ.

ನಿಧಿಯನ್ನು ಫ್ರೇಜರ್ ಟೌನಿನ ಒಂದು ಸಣ್ಣ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಸ್ಟೆಲ್ಲಾ ಮಿಸ್ ಅವಳಿಗೆ ಕಲಿಸಿದ್ದು ಕಾರ್ಡಿನ ಮಾತು. ಒಂದು ಕಾರ್ಡಿನಲ್ಲಿ ಒಂದೇ ಚಿತ್ರ. ಮಗು ತನಗೆ ಬೇಕಾದುದರ ಕಾರ್ಡು ತಂದು ನಮ್ಮ ಕೈಗೆ ಕೊಡಬೇಕು, ನಾವು ಆ ವಸ್ತುವನ್ನು ತಕ್ಷಣ ಕೊಡಬೇಕು. ಕೇಳಲು ಸುಲಭ. ಮೊದಲನೆಯದು, ಬಾಳೆಹಣ್ಣಿನ ಕಾರ್ಡು, ನನ್ನ ಕೈಗೆ ಬರಲು ತಿಂಗಳುಗಳೇ ಹಿಡಿದವು. ನಿಧಿ ಅದನ್ನು ನನ್ನ ಅಂಗೈಗೆ ಒತ್ತಿ, ನನ್ನ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಿಸಿದಳು. ಆ ದಿನ ಮನೆಯಲ್ಲಿದ್ದ ಬಾಳೆಹಣ್ಣನ್ನೆಲ್ಲ ಅವಳೇ ತಿಂದಳು. ಬೇಡ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಕಾರ್ಡುಗಳನ್ನು ನಾನೇ ಮನೆಯಲ್ಲಿ ಪ್ರಿಂಟ್ ತೆಗೆಯುತ್ತಿದ್ದೆ. ಯಜಮಾನರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಇಂಕ್‌ಜೆಟ್ ಪ್ರಿಂಟರನ್ನು ನಮಗೇ ಬಿಟ್ಟುಹೋಗಿದ್ದರು. ನಮ್ಮದೇ ಸ್ಟೀಲ್ ಲೋಟ, ನಮ್ಮದೇ ಬಚ್ಚಲ ಬಾಗಿಲು, ಅಪ್ಪ, ಅಜ್ಜಿ, ದೋಸೆ, ಉಯ್ಯಾಲೆ, ಎಲ್ಲದರ ಫೋಟೊ ತೆಗೆದು, ಪ್ರಿಂಟ್ ಮಾಡಿ, ಲ್ಯಾಮಿನೇಷನ್ ಹಾಕಿಸುತ್ತಿದ್ದೆ. ಮೂಲೆ ಚುಚ್ಚಬಾರದೆಂದು ಅಂಚನ್ನು ದುಂಡಗೆ ಕತ್ತರಿಸುತ್ತಿದ್ದೆ. ಹಿಂದೆ ವೆಲ್ಕ್ರೋ ಅಂಟಿಸಿ ಗೋಡೆಯ ಪಟ್ಟಿಗೆ ಸಾಲಾಗಿ ಹಚ್ಚುತ್ತಿದ್ದೆ. ಎಲ್ಲಕ್ಕಿಂತ ಕೊನೆಗೆ ಅವಳು ಕಲಿತದ್ದು ‘ನೋವು’ ಎಂಬ ಕಾರ್ಡು. ಬಿದ್ದು ಮಂಡಿ ತರಚಿಕೊಂಡು ಅವಳೇ ಅಳುತ್ತಿದ್ದ ಫೋಟೊ ಅದರಲ್ಲಿತ್ತು. ಒಂದು ಬೆಳಿಗ್ಗೆ ಅದನ್ನು ತಂದು ನನ್ನ ಕೈಗಿಟ್ಟು, ನನ್ನ ಬೆರಳನ್ನು ತನ್ನ ದವಡೆಗೆ ಒತ್ತಿಕೊಂಡಳು. ನೋಡಿದರೆ ಹಲ್ಲು ಹುಳುಕಾಗಿತ್ತು. ಅದಕ್ಕೆ ಮೊದಲು ಅವಳು ಅತ್ತಾಗಲೆಲ್ಲ ಹೊಟ್ಟೆಯೋ, ತಲೆಯೋ, ಸಿಟ್ಟೋ ಎಂದು ನಾವು ಕುರುಡರಂತೆ ತಡಕುತ್ತಿದ್ದೆವು. ಆ ಕಾರ್ಡು ಬಂದ ಮೇಲೆ ನಾನು ನೆಮ್ಮದಿಯಾಗಿ ನಿದ್ದೆ ಮಾಡಲು ಕಲಿತೆ.

ಆಯುಧಪೂಜೆಯ ಹಿಂದಿನ ದಿನ ಮನೆಯಲ್ಲಿ ತೊಳೆಯುವ ಕೆಲಸ. ಯಜಮಾನರು ಸ್ಕೂಟರ್ ತೊಳೆಯುತ್ತಿದ್ದರು. ಹೂವು ಮತ್ತು ಬೂದುಗುಂಬಳ ತರಲು ನಾನು ನಿಧಿಯನ್ನು ಕರೆದುಕೊಂಡು ಮಾರ್ಕೆಟ್ಟಿಗೆ ಹೋದೆ. ಹೊರಗೆ ಹೋಗುವಾಗ ನೀರಿನ ಕಾರ್ಡೊಂದನ್ನು ಬ್ಯಾಗಿಗೆ ಹಾಕಿಕೊಳ್ಳುವುದು ನನ್ನ ಅಭ್ಯಾಸ. ಆವತ್ತೂ ಹಾಕಿಕೊಂಡಿದ್ದೆ.

ವಾಪಸ್ ಬಂದಾಗ ಅತ್ತೆ ಹಿತ್ತಲಲ್ಲಿ ಬಕೆಟ್ಟಿನ ಮುಂದೆ ಕೂತಿದ್ದರು. ಮನೆಯಲ್ಲಿ ಯಾರು ಯಾವುದರಿಂದ ಬದುಕುತ್ತಾರೋ ಅದನ್ನು ಶುದ್ಧ ಮಾಡಿ ಪೂಜೆಗೆ ಇಡಬೇಕು ಎಂಬುದು ಅವರ ಪದ್ಧತಿ. ಮಗನ ಸ್ಪ್ಯಾನರು, ತಮ್ಮ ಈಳಿಗೆಮಣೆ, ನನ್ನ ಹೊಲಿಗೆ ಯಂತ್ರ ಎಲ್ಲ ಆಗಿತ್ತು. ಮೊಮ್ಮಗಳ ಆಯುಧ ಯಾವುದು ಎಂದು ಯೋಚಿಸಿದ್ದಾರೆ. ಸಾಂಬಾರು, ಜೊಲ್ಲು, ಬೆರಳಿನ ಜಿಡ್ಡು ಹಿಡಿದಿದ್ದ ಕಾರ್ಡುಗಳನ್ನೆಲ್ಲ ಪಟ್ಟಿಯಿಂದ ಬಿಡಿಸಿ, ಸೋಪಿನ ನೀರಿನಲ್ಲಿ ನೆನೆಹಾಕಿದ್ದಾರೆ. ಮೇಲೆ ಪ್ಲಾಸ್ಟಿಕ್ ಇದೆಯಲ್ಲ ಎಂಬ ಧೈರ್ಯ. ನಾನು ದುಂಡಗೆ ಕತ್ತರಿಸಿದ್ದ ಅಂಚುಗಳಿಂದ ನೀರು ಒಳಗೆ ನುಗ್ಗಿ, ಇಂಕೆಲ್ಲ ಕರಗಿ ಬಕೆಟ್ಟಿನ ನೀರು ಕೊಳೆ ಹಸಿರಾಗಿತ್ತು. ಅಪ್ಪ, ಅಜ್ಜಿ, ದೋಸೆ, ನೋವು, ಯಾವುದು ಯಾವುದೆಂದು ಗುರುತೇ ಸಿಗುತ್ತಿರಲಿಲ್ಲ.

ಬೈಯಲು ಬಾಯಿ ತೆರೆದು ಅತ್ತೆಯ ಮುಖ ನೋಡಿದೆ. ಅವರು ಒದ್ದೆ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಸುಧಾ, ಕೊಳೆ ಆಗಿತ್ತಲ್ಲಾ ಅಂತ ತೊಳ್ದೆ ಕಣೇ” ಎಂದರು.

ಯಜಮಾನರು ಇಬ್ಬರಿಗೂ ಸಮಾಧಾನ ಹೇಳಿದರು. ಫೋಟೊಗಳೆಲ್ಲ ಕಂಪ್ಯೂಟರಿನಲ್ಲಿವೆ, ಮತ್ತೆ ಪ್ರಿಂಟ್ ತೆಗೆದರಾಯಿತು ಎಂದರು. ನನಗೂ ಹೌದೆನಿಸಿತು. ಮಾರನೆಯ ದಿನ ಅತ್ತೆ ಪ್ರಿಂಟರಿಗೆ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವು ಮುಡಿಸಿದರು. ಪೂಜೆಯ ದಿನ ಯಂತ್ರ ಮುಟ್ಟುವಂತಿಲ್ಲ. ಗೋಡೆಯ ಮೇಲಿನ ಖಾಲಿ ಪಟ್ಟಿಯನ್ನು ನಿಧಿ ಇಡೀ ದಿನ ಸವರುತ್ತಿದ್ದಳು.

ವಿಜಯದಶಮಿಯ ದಿನ ಪ್ರಿಂಟರ್ ಆನ್ ಮಾಡಿದೆ. ಬಂದ ಮೊದಲ ಹಾಳೆಯಲ್ಲಿ ಅಪ್ಪನ ಮುಖ ಪಾಚಿಯ ಬಣ್ಣದಲ್ಲಿತ್ತು. ಕೆಂಪು ಹೆಚ್ಚುಕಡಿಮೆ ಬರುತ್ತಲೇ ಇರಲಿಲ್ಲ. ಪ್ರಿಂಟರಿನಲ್ಲೇ ಒಂದು ಪರೀಕ್ಷೆಯಿದೆ, ನಾಜಲ್ ಚೆಕ್ ಅನ್ನುತ್ತಾರೆ. ನಾಲ್ಕು ಬಣ್ಣದ ಸಣ್ಣ ಗೆರೆಗಳನ್ನು ಅದು ಬರೆದು ತೋರಿಸುತ್ತದೆ. ಕಪ್ಪು, ನೀಲಿ, ಹಳದಿ ಚೆನ್ನಾಗಿದ್ದವು. ಕೆಂಪಿನ ಜಾಗದಲ್ಲಿ ಹಲ್ಲು ಮುರಿದ ಬಾಚಣಿಗೆಯಂತೆ ಅಲ್ಲೊಂದು ಇಲ್ಲೊಂದು ಗೆರೆ. ಕುಂಕುಮವೇ ಒಳಗೆ ಹೋಗಿದೆ ಎಂದುಕೊಂಡು ಅತ್ತೆಯನ್ನು ದುರುಗುಟ್ಟಿ ನೋಡಿದೆ.

ಹೆಡ್ ಕ್ಲೀನಿಂಗ್ ಒತ್ತಿದೆ. ಮತ್ತೆ ಪರೀಕ್ಷೆ, ಮತ್ತೆ ಕ್ಲೀನಿಂಗ್. ಇಂಕ್ ಇಳಿಯಿತೇ ಹೊರತು ಗೆರೆಗಳು ಹೆಚ್ಚಾಗಲಿಲ್ಲ. ಯಜಮಾನರು ವಿಡಿಯೊ ನೋಡಿ ನೋಡಿ ಅರ್ಧ ಮೆಕ್ಯಾನಿಕ್ ಆದರು. ಇಂಕನ್ನು ಹಾಳೆಯ ಮೇಲೆ ಸಿಂಪಡಿಸುವ ಭಾಗವೇ ಹೆಡ್. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿದ್ದು, ಅವು ಕಟ್ಟಿಕೊಂಡಿವೆ ಎಂದು ಲೆಕ್ಕ. ಹೆಡ್ ಬಿಚ್ಚಿ, ಬಿಸಿನೀರಿನ ಬಟ್ಟೆಯ ಮೇಲೆ ಇಟ್ಟೆವು. ಅದಕ್ಕೂ ಬಗ್ಗದಿದ್ದಾಗ ನಾನೇ ಸಿರಿಂಜಿನಲ್ಲಿ ನೀರು ತುಂಬಿ ಒತ್ತಿದೆ. ಒರೆಸಿ, ಒಣಗಿಸಿ, ಕೈಮುಗಿದು ಮತ್ತೆ ಹಾಕಿದರೆ ಇದ್ದಬದ್ದ ಕೆಂಪು ಗೆರೆಗಳೂ ಹೋಗಿದ್ದವು.

ಆ ದಿನಗಳಲ್ಲಿ ನಿಧಿಗೆ ಉಳಿದಿದ್ದು ನನ್ನ ಬ್ಯಾಗಿನಲ್ಲಿದ್ದ ನೀರಿನ ಕಾರ್ಡೊಂದೇ. ಉಯ್ಯಾಲೆ ಬೇಕಾದರೂ ಅದನ್ನೇ ತರುತ್ತಿದ್ದಳು, ದೋಸೆ ಬೇಕಾದರೂ ಅದನ್ನೇ. ನೀರು ಕೊಟ್ಟರೆ ಚೆಲ್ಲುತ್ತಿದ್ದಳು. ಆಮೇಲೆ ತಲೆಯನ್ನು ಗೋಡೆಗೆ ಬಡಿದುಕೊಳ್ಳಲು ಶುರುಮಾಡಿದಳು. ಎಂದೋ ಬಿಟ್ಟಿದ್ದ ಅಭ್ಯಾಸ ಅದು. ಪೆನ್ನಿನಲ್ಲಿ ಚಿತ್ರ ಬರೆದು ತೋರಿಸಿದೆ, ಮೊಬೈಲಿನಲ್ಲಿ ತೋರಿಸಿದೆ, ತಳ್ಳಿದಳು. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಅವೇ ಫೋಟೊಗಳ ಕಲರ್ ಪ್ರಿಂಟ್ ತೆಗೆಸಿ ತಂದೆ. ಅವನ್ನೂ ಮೂಸಿ ನೋಡಿ ಎಸೆದಳು. ಕಾಗದ ಬೇರೆ, ಹೊಳಪು ಬೇರೆ, ಅದಕ್ಕೇ ಒಪ್ಪುತ್ತಿಲ್ಲ, ನಮ್ಮ ಪ್ರಿಂಟರೇ ಸರಿಯಾಗಬೇಕು ಎಂದುಕೊಂಡೆವು.

ಪ್ರಿಂಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಆಟೊದಲ್ಲಿ ಶಿವಾಜಿನಗರಕ್ಕೆ ತೆಗೆದುಕೊಂಡು ಹೋದೆ. ಅಲ್ಲಿ ಗಲ್ಲಿಯೊಂದರಲ್ಲಿ ಇಲಿಯಾಸ್ ಎಂಬವರು ಪ್ರಿಂಟರ್ ರಿಪೇರಿ ಮಾಡುತ್ತಾರೆ. ಅವರು ಹೆಡ್ಡನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಇದರ ಕಥೆ ಮುಗಿಯಿತು, ಹೊಸದು ಹಾಕಬೇಕು ಎಂದರು. ಕುಂಕುಮದಿಂದ ಹೀಗಾಯಿತಾ ಎಂದು ಕೇಳಿದೆ.

“ಕುಂಕುಮಕ್ಕೆ ಯಾಕೆ ಬೈತೀರಾ ಮೇಡಂ” ಎಂದರು. “ಇದು ಈಗ ಖರಾಬ್ ಆಗಿದ್ದಲ್ಲ. ಮೊದ್ಲಿಂದಾನೂ ಕೆಂಪು ಅರ್ಧಾನೇ ಬರ್ತಿತ್ತು. ನಿಮ್ಗೆ ಗೊತ್ತಾಗಿಲ್ಲ, ಅಷ್ಟೇ.”

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವರು ಹೊಸ ಹೆಡ್ ಕೂರಿಸಿ, ಇಂಕ್ ಎಳೆಸಿ, ಅಡ್ಡ ಗೆರೆ ಉದ್ದ ಗೆರೆ ಹೊಂದಿಸಿ, ಪರೀಕ್ಷೆಯ ಹಾಳೆ ತೆಗೆದರು. ನಾಲ್ಕೂ ಬಣ್ಣ ಒಂದು ಗೆರೆಯೂ ತಪ್ಪದೆ ಬಂದಿತ್ತು. ಹಳೆಯ ಹೆಡ್ ಬೇಕಾ ಎಂದು ಕೇಳಿದರು. ಆ ಪೀಡೆ ನನಗೇಕೆ, ನೀವೇ ಇಟ್ಟುಕೊಳ್ಳಿ ಎಂದು ನಗುತ್ತಾ ಹೇಳಿ ಬಂದೆ. ಹಲಸೂರು, ಇಂದಿರಾನಗರ ದಾಟಿ ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೂ ನನಗೆ ಸಿಟ್ಟು ಬರಲಿಲ್ಲ. ತೊಡೆಯ ಮೇಲೆ ಪ್ರಿಂಟರ್ ಇಟ್ಟುಕೊಂಡು, ಮಗಳು ಮೊದಲು ಯಾವ ಕಾರ್ಡು ತರಬಹುದು ಎಂದು ಯೋಚಿಸುತ್ತಿದ್ದೆ.

ಸಂಜೆಯೊಳಗೆ ಅಷ್ಟೂ ಕಾರ್ಡು ತಯಾರಾದವು. ಎಷ್ಟು ಚೆನ್ನಾಗಿ ಬಂದಿದ್ದವು ಎಂದರೆ ಅತ್ತೆ ತಮ್ಮ ಫೋಟೊ ನೋಡಿ ನಾಚಿಕೊಂಡರು. ಹಣೆಯ ಕುಂಕುಮ ಕೆಂಪಗಿತ್ತು, ತುಟಿ ತುಟಿಯ ಬಣ್ಣದಲ್ಲಿತ್ತು. ಪಟ್ಟಿಗೆ ಸಾಲಾಗಿ ಹಚ್ಚಿ, ನಿಧಿಯನ್ನು ಮುಂದೆ ನಿಲ್ಲಿಸಿದೆ. ಅವಳು ಒಂದೊಂದನ್ನೂ ಮೂಗಿಗೆ ಹತ್ತಿರ ಹಿಡಿದು ನೋಡಿದಳು. ಮೇಲಿಂದ ಕೆಳಗೆ ಬೆರಳಾಡಿಸಿದಳು. ಆಮೇಲೆ ಎಲ್ಲವನ್ನೂ ಬಿಡಿಸಿ, ಕಸದ ಬುಟ್ಟಿಯ ಪಕ್ಕದಲ್ಲಿ ನೀಟಾಗಿ ಜೋಡಿಸಿಟ್ಟಳು. ಸಿಟ್ಟಿನಿಂದ ಎಸೆದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ತನ್ನದಲ್ಲದ ವಸ್ತುವನ್ನು ಬದಿಗಿಡುವ ಹಾಗೆ ಇಟ್ಟಳು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ.

ಸ್ಟೆಲ್ಲಾ ಮಿಸ್ಸಿಗೆ ಕಾರ್ಡುಗಳನ್ನು ತೋರಿಸಿದೆ. ಅವರು ಹೊಸ ಕಾರ್ಡನ್ನೂ ಉಳಿದಿದ್ದ ಹಳೆಯ ನೀರಿನ ಕಾರ್ಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಹೊಸದರ ಮೇಲೆ ಬೆರಳಿಟ್ಟರು.

“ನಮ್ಗೆ ಇದು ಬೆಟರ್ ಮಾ” ಎಂದರು. “ಈ ಮಕ್ಕಳಿಗೆ ಬೆಟರ್ ಬೇಡ. ಸೇಮ್ ಅಂದ್ರೆ ಸೇಮ್ ಇರ್ಬೇಕು.”

ಆಗ ನನ್ನ ಕಣ್ಣಿಗೂ ಕಂಡಿತು. ಹಳೆಯ ಕಾರ್ಡಿನಲ್ಲಿ ಲೋಟ ಹಿಡಿದಿದ್ದ ನನ್ನ ಕೈ ಹಳದಿ ಮಿಶ್ರಿತ ಹಸಿರಾಗಿತ್ತು. ಅಡ್ಡಡ್ಡಲಾಗಿ ಕೂದಲೆಳೆಯಂಥ ಬಿಳಿ ಗೆರೆಗಳಿದ್ದವು. ಆ ಪ್ರಿಂಟರ್ ನಮ್ಮ ಮನೆಗೆ ಬರುವಾಗಲೇ ಅರ್ಧ ಕೆಟ್ಟಿತ್ತು. ಹಳೆಯ ಪ್ರಿಂಟರಿನಲ್ಲಿ ಇಷ್ಟೇ ಬರುವುದು ಎಂದು ನಾವು ಸುಮ್ಮನಿದ್ದೆವು, ವಿಜಯದಶಮಿಯ ದಿನ ಕೆಂಪು ಇನ್ನೂ ಇಳಿದಾಗಲೇ ಅದು ನಮ್ಮ ಕಣ್ಣಿಗೆ ಬಿದ್ದದ್ದು. ನಿಧಿ ಅದನ್ನೇ ಕಲಿತಳು. ಅವಳ ಅಪ್ಪನಿಗೆ ಹಸಿರು ಮುಖ, ಅಜ್ಜಿಗೆ ಮಣ್ಣಿನ ಬಣ್ಣದ ಕುಂಕುಮ, ನೋವಿಗೆ ಕಿತ್ತಳೆ ಬಣ್ಣದ ಮಂಡಿ, ಎಲ್ಲದರ ಮೇಲೂ ಬಿಳಿ ಗೆರೆ. ನಾವು ರಿಪೇರಿ ಮಾಡಿಸಿ ತಂದದ್ದು ಅವಳಿಗೆ ಯಾರದೋ ಪರಭಾಷೆ. ಫ್ರೇಜರ್ ಟೌನಿನಿಂದ ಬರುವಾಗ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಏನಾಯ್ತಮ್ಮ ಎಂದು ಕೇಳಿದರು. ಪ್ರಿಂಟರ್ ಸರಿಯಾಯಿತು ಎಂದು ಹೇಳಲು ಸಾಧ್ಯವೇ?

ಮರುದಿನವೇ ಇಲಿಯಾಸ್ ಅಂಗಡಿಗೆ ಓಡಿದೆ. ಹಳೆಯ ಹೆಡ್ ವಾಪಸ್ ಬೇಕು ಎಂದೆ. ಅವರು ನಗಲಿಲ್ಲ. ಎಲ್ಲರೂ ಒಳ್ಳೆಯದು ಹುಡುಕಿಕೊಂಡು ಬರುತ್ತಾರೆ, ಕೆಟ್ಟಿದ್ದು ಬೇಕೆಂದು ಬಂದವರು ನೀವೇ ಮೊದಲು ಎಂದಷ್ಟೇ ಹೇಳಿ, ಗುಜರಿಗೆ ಹಾಕಲು ಇಟ್ಟಿದ್ದ ಪೇಂಟ್ ಡಬ್ಬಿಯನ್ನು ನೆಲಕ್ಕೆ ಸುರಿದು ಹುಡುಕಿದರು. ಪುಣ್ಯಕ್ಕೆ ಸಿಕ್ಕಿತು. ನಾನು ತಂದಿದ್ದ ಪ್ರಿಂಟರಿಗೆ ಅದನ್ನು ಕೂರಿಸಿ ನೋಡಿದರೆ ಯಾವ ಬಣ್ಣವೂ ಬರಲಿಲ್ಲ. ಬಿಳಿ ಹಾಳೆ ಬಿಳಿಯಾಗಿಯೇ ಹೊರಗೆ ಬಂತು. ಸಿರಿಂಜಿನ ನೀರು ಒಳಗಿನ ಸರ್ಕ್ಯೂಟಿಗೆ ಇಳಿದು ಸುಟ್ಟುಹೋಗಿದೆ ಎಂದರು.

ಬೇರೆ ಯಾವುದಾದರೂ ಕೆಟ್ಟ ಹೆಡ್ ಇದ್ದರೆ ಕೊಡಿ ಎಂದು ಅಂಗಲಾಚಿದೆ.

“ಕೊಡ್ತೀನಿ ಮೇಡಂ, ಬೇಕಾದಷ್ಟಿದೆ” ಎಂದರು. “ಆದ್ರೆ ಅದು ನಿಮ್ದು ಕೆಟ್ಟಿದ್ದಂಗೇ ಕೆಟ್ಟಿರಲ್ಲ.”

ನಿಜವೇ. ಅವರು ಹಾಕಿ ತೋರಿಸಿದ ಒಂದರಲ್ಲಿ ಹಳದಿ ಇರಲಿಲ್ಲ, ಇನ್ನೊಂದರಲ್ಲಿ ಕಪ್ಪು ಸೋರುತ್ತಿತ್ತು. ಹೊಸ ಹೆಡ್ಡನ್ನೇ ಮತ್ತೆ ಕೂರಿಸಿಕೊಂಡು ಬಂದೆ.

ಕಂಪ್ಯೂಟರಿನಲ್ಲೇ ಕೆಂಪನ್ನು ಕಡಿಮೆ ಮಾಡಿ ನೋಡಿ ಎಂದು ಇಲಿಯಾಸ್ ಹೇಳಿಕೊಟ್ಟಿದ್ದರು. ಯಜಮಾನರು ಕೆಲಸದಿಂದ ಬಂದವರೇ ಕೂತುಬಿಡುತ್ತಿದ್ದರು. ನೀರಿನ ಕಾರ್ಡನ್ನು ಪರದೆಯ ಪಕ್ಕ ಹಿಡಿದು, ಕೆಂಪು ಇಳಿಸಿ, ಹಸಿರು ಏರಿಸಿ, ಬಿಳಿ ಗೆರೆಗಳನ್ನು ಬೇರೆ ಎಳೆದು, ಹಾಳೆಯ ಮೇಲೆ ಹಾಳೆ ತೆಗೆದರು. ನಮ್ಮ ಕಣ್ಣಿಗೆ ಎರಡೂ ಒಂದೇ ಆದವು. ನಿಧಿಯ ಕಣ್ಣಿಗೆ ಆಗಲಿಲ್ಲ. ಪ್ರತಿ ಸಲವೂ ಬಂದು ನೋಡುತ್ತಿದ್ದಳು, ಬೆರಳಾಡಿಸುತ್ತಿದ್ದಳು, ಒಯ್ದು ಕಸದ ಬುಟ್ಟಿಯ ಪಕ್ಕ ಇಡುತ್ತಿದ್ದಳು. ಒಂದು ಸಂಜೆ ಯಜಮಾನರು ಕಂಪ್ಯೂಟರ್ ಆರಿಸಿ, “ಇನ್ನು ನನ್ ಕೈಲಾಗಲ್ಲ ಸುಧಾ” ಎಂದರು. ನಾನೂ ಒತ್ತಾಯ ಮಾಡಲಿಲ್ಲ.

ದೀಪಾವಳಿ ಬಂತು, ಹೋಯಿತು. ನಿಧಿಗೆ ಸ್ವಲ್ಪ ನೆಗಡಿಯಾಗಿತ್ತು. ಪಟಾಕಿ ಸದ್ದಿಗೆ ಹೆದರಿದ್ದಾಳೆ, ಧೂಳಿಗೆ ಮೂಗು ಸೋರುತ್ತಿದೆ ಎಂದುಕೊಂಡೆವು. ತಲೆ ಬಡಿದುಕೊಳ್ಳುವುದು ಜಾಸ್ತಿಯಾಗಿತ್ತು. ಕಾರ್ಡು ಹೋದಾಗಿನಿಂದ ಬಡಿದುಕೊಳ್ಳುತ್ತಲೇ ಇದ್ದಳಲ್ಲ, ಅದೇ ಸಿಟ್ಟು ಎಂದುಕೊಂಡೆವು. ಆ ವಾರ ಅವಳು ನೀರಿನ ಕಾರ್ಡನ್ನು ಕೈಯಿಂದ ಬಿಡಲಿಲ್ಲ. ನನಗೆ ತಂದು ಕೊಡುವಳು, ನಾನು ನೀರು ಕೊಡುವೆ, ಲೋಟ ತಳ್ಳುವಳು. ಅಪ್ಪನಿಗೆ ಕೊಡುವಳು, ಅವರೂ ನೀರು ಕೊಡುವರು. ಅಜ್ಜಿಗೆ ಕೊಡುವಳು. ಮತ್ತೆ ನನಗೆ. ಅಡುಗೆಮನೆಯ ನೆಲವೆಲ್ಲ ನೀರು. ಒರೆಸಿ ಒರೆಸಿ ಸಾಕಾಗಿ, ಒಂದು ಮಧ್ಯಾಹ್ನ ಆ ಕಾರ್ಡನ್ನೇ ಕಿತ್ತುಕೊಂಡು ಫ್ರಿಜ್ಜಿನ ಮೇಲಿಟ್ಟೆ. ಅವಳು ಫ್ರಿಜ್ಜಿನ ಮುಂದೆ ಕೂತು, ಅದರ ಬಾಗಿಲಿಗೆ ತಲೆಯ ಒಂದು ಪಕ್ಕವನ್ನು ಒತ್ತಿಕೊಂಡಳು. ತಣ್ಣಗಿದೆ ಎಂದು ಕೂತಿದ್ದಾಳೆ ಎಂದುಕೊಂಡು ನಾನು ಬಟ್ಟೆ ಒಣಹಾಕಲು ಹೋದೆ.

ಮರುದಿನ ಬೆಳಿಗ್ಗೆ ಹಾಸಿಗೆ ಮಡಿಸುವಾಗ ಅವಳ ದಿಂಬಿನ ಮೇಲೆ ಕೀವು ಮತ್ತು ರಕ್ತದ ಕಲೆ ಕಂಡಿತು. ಅವಳನ್ನು ಎತ್ತಿಕೊಂಡು ಇಂದಿರಾನಗರದ ಡಾಕ್ಟರ ಹತ್ತಿರ ಓಡಿದೆವು. ಕಿವಿಯೊಳಗೆ ಸೋಂಕಾಗಿ, ಕೀವು ತುಂಬಿ, ತಮಟೆ ತೂತಾಗಿತ್ತು. ದೊಡ್ಡವರೇ ತಡೆಯಲಾರದ ನೋವಂತೆ. ಡಾಕ್ಟರು ಒಳ್ಳೆಯವರು. ಬೈಯಲಿಲ್ಲ, ದನಿ ಏರಿಸಲೂ ಇಲ್ಲ. ಚೀಟಿ ಬರೆಯುತ್ತಾ ಸಹಜವಾಗಿ ಕೇಳಿದರು.

“ಇಷ್ಟು ದಿನ ಮಗು ನಿಮ್ಗೆ ಹೇಳ್ಲೇ ಇಲ್ವಾ?”

ಯಜಮಾನರು ಇಲ್ಲ ಎಂದು ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಅವಳು ಹೇಳಿದ್ದಳು. ತನ್ನ ಹತ್ತಿರ ಉಳಿದಿದ್ದ ಒಂದೇ ಕಾರ್ಡು ಹಿಡಿದುಕೊಂಡು ಮನೆಯ ಮೂವರಿಗೂ, ಮತ್ತೆ ಮತ್ತೆ ಹೇಳಿದ್ದಳು. ನಾವು ನೀರು ಕೊಟ್ಟೆವು.

ಕಿವಿ ಈಗ ವಾಸಿಯಾಗಿದೆ. ಆ ಕಡೆಯಿಂದ ಕೂಗಿದರೆ ಸ್ವಲ್ಪ ತಡವಾಗಿ ತಿರುಗುತ್ತಾಳೆ, ಅದು ಹೀಗೇ ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದಂತೆ. ಸ್ಟೆಲ್ಲಾ ಮಿಸ್ ಹೊಸ ಕಾರ್ಡುಗಳನ್ನು ಮೊದಲಿನಿಂದ ಕಲಿಸುತ್ತಿದ್ದಾರೆ. ಬಾಳೆಹಣ್ಣು ಒಪ್ಪಿದ್ದಾಳೆ, ದೋಸೆ ಒಪ್ಪಿದ್ದಾಳೆ. ಕೆಂಪು ಮಂಡಿಯ ‘ನೋವು’ ಕಾರ್ಡನ್ನು ಇನ್ನೂ ಮುಟ್ಟಿಲ್ಲ. ಅತ್ತೆ ಈ ಸಲದ ಆಯುಧಪೂಜೆಗೆ ಏನನ್ನೂ ತೊಳೆಯುವುದಿಲ್ಲ ಎಂದು ಈಗಲೇ ಹೇಳಿಟ್ಟಿದ್ದಾರೆ. ಪ್ರಿಂಟರ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಒಂದು ಗೆರೆಯೂ ತಪ್ಪುವುದಿಲ್ಲ. ನೋಡಿದರೆ ನನಗೆ ಮೈ ಉರಿಯುತ್ತದೆ.

ಅವಳು ನೀರಿನ ಕಾರ್ಡು ತಂದು ಕೈಗಿಟ್ಟಾಗಲೆಲ್ಲ ನಾನು ಮೊದಲು ಅವಳ ಕಿವಿಯ ಹಿಂದೆ ಒತ್ತಿ ನೋಡುತ್ತೇನೆ. ಬಾಯಿ ತೆರೆಸಿ ಹಲ್ಲು ನೋಡುತ್ತೇನೆ, ಹೊಟ್ಟೆ ಒತ್ತುತ್ತೇನೆ, ಅಂಗಾಲಿನವರೆಗೆ ಸವರುತ್ತೇನೆ. ಹೆಚ್ಚಿನ ಸಲ ಅವಳಿಗೆ ಬೇಕಾಗಿರುವುದು ಬರೀ ನೀರು. ಅಷ್ಟು ಹೊತ್ತೂ ಬಾಯಾರಿಕೊಂಡು, ನನ್ನದು ಮುಗಿಯಲಿ ಎಂದು ಕಾಯುತ್ತಾ ನಿಂತಿರುತ್ತಾಳೆ.